ಶುಗರ್ ಇರುವ ಹಿರಿಯರಿಗೆ ಮರೆವು ಶುರುವಾದಾಗ ಮನೆಯವರು ಮಾಡಬೇಕಾದ್ದು

"ಅಪ್ಪಯ್ಯನಿಗೆ ಈಗೀಗ ಏನೂ ನೆನಪಿರಲ್ಲ. ವಯಸ್ಸಾಯ್ತಲ್ಲ, ಅರವತ್ತಕ್ಕೆ ಅರಳು ಮರಳು." ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆ ಯಾವ ಮನೆಯ ಜಗಲಿಯಲ್ಲಿ ಕೂತರೂ ಈ ಮಾತು ಬಂದೇ ಬರುತ್ತದೆ. ಅದೇ ಮನೆಯ ಫ್ರಿಜ್ ಮೇಲೆ ಶುಗರ್ ಮಾತ್ರೆಯ ಡಬ್ಬಿಯೂ ಇರುತ್ತದೆ. ಎರಡಕ್ಕೂ ನಂಟು ಇದೆಯಾ ಅಂತ ಕೇಳುವವರು ಕಡಿಮೆ. ಇದೆ, ಅದೂ ಎರಡು ಕಡೆಯಿಂದ ಇದೆ. ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ದರೆ ಮೆದುಳಿಗೆ ಪೆಟ್ಟು ಬೀಳುತ್ತದೆ. ಮರೆವು ಬಂದ ಮೇಲೆ ಮಾತ್ರೆ ತಪ್ಪುತ್ತದೆ, ಇಲ್ಲವೇ ನುಂಗಿದ್ದು ನೆನಪಿಲ್ಲದೆ ಇನ್ನೊಮ್ಮೆ ನುಂಗುತ್ತಾರೆ, ಆಗ ಶುಗರ್ ಕುಸಿದು ಅದೇ ಮೆದುಳಿಗೆ ಮತ್ತೊಂದು ಪೆಟ್ಟು.

ನಾನು ಡಾಕ್ಟರಲ್ಲ. ಮೊದಲು ಅತ್ತೆ, ಆಮೇಲೆ ಅಪ್ಪ, ಇಬ್ಬರ ಶುಗರನ್ನೂ ಮರೆವನ್ನೂ ಒಟ್ಟಿಗೆ ನೋಡಿಕೊಂಡವಳು. ಇಲ್ಲಿರುವುದು ಮನೆಯವರ ಕೈಯಲ್ಲಾಗುವ ಕೆಲಸ ಮಾತ್ರ. ಮಾತ್ರೆ ಬದಲಿಸುವುದು, ಡೋಸ್ ಇಳಿಸುವುದು ಡಾಕ್ಟರಿಗೆ ಬಿಟ್ಟದ್ದು. ಅದನ್ನು ನೀವು ಮಾಡಬೇಡಿ, ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರ ಹತ್ತಿರವೂ ಮಾಡಿಸಬೇಡಿ.

ಒಳಗೆ ಏನಾಗುತ್ತದೆ

ಮೈತೂಕದಲ್ಲಿ ಮೆದುಳಿನ ಪಾಲು ಶೇ 2ರಷ್ಟು. ಆದರೆ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಶೇ 20ರಷ್ಟು ಅದಕ್ಕೇ ಬೇಕು. ಅದೂ ಹೆಚ್ಚುಕಮ್ಮಿ ಎಲ್ಲ ಗ್ಲೂಕೋಸ್‌ನಿಂದಲೇ. ಕೂಡಿಟ್ಟುಕೊಳ್ಳಲು ಅಲ್ಲಿ ಜಾಗ ಇಲ್ಲ, ರಕ್ತದಲ್ಲಿ ಬಂದ ಹಾಗೆ ಬಳಸಬೇಕು. ಅದಕ್ಕೇ ಶುಗರ್ ಕುಸಿದರೆ ಕೈಕಾಲಿಗಿಂತ ಮೊದಲು ತಲೆ ಕೈಕೊಡುತ್ತದೆ.

ಜಾಸ್ತಿ ಇದ್ದಾಗಿನ ಕತೆ ನಿಧಾನದ್ದು. ಕಣ್ಣು, ಕಿಡ್ನಿಯ ಸಣ್ಣ ರಕ್ತನಾಳಗಳು ಹೇಗೆ ಹಾಳಾಗುತ್ತವೋ ಮೆದುಳಿನ ಒಳಗಿನವೂ ಹಾಗೇ ಹಾಳಾಗುತ್ತವೆ. ತೋಟದ ಡ್ರಿಪ್ ಪೈಪಿನ ತೂತು ಒಂದೊಂದೇ ಕಟ್ಟಿಕೊಂಡ ಹಾಗೆ, ಒಂದು ಗಿಡ ಬಾಡುವವರೆಗೆ ಗೊತ್ತೇ ಆಗುವುದಿಲ್ಲ. ಯಾರಿಗೂ ತಿಳಿಯದಷ್ಟು ಸಣ್ಣ ಸ್ಟ್ರೋಕ್‌ಗಳೂ ಆಗಿಹೋಗಿರಬಹುದು. ಜೊತೆಗೆ ಮರೆವಿನ ಕಾಯಿಲೆಗಳಲ್ಲಿ ಒಂದಾದ ಆಲ್ಝೈಮರ್‌ನಲ್ಲಿ ಮೆದುಳಿನಲ್ಲಿ ಸೇರಿಕೊಳ್ಳುವ ಅಮಿಲಾಯ್ಡ್ ಅನ್ನುವ ಪ್ರೋಟೀನ್ ಇದೆಯಲ್ಲ, ಅದನ್ನೂ ಇನ್ಸುಲಿನ್ನನ್ನೂ ಕತ್ತರಿಸಿ ಹಾಕುವುದು ಒಂದೇ ಕಿಣ್ವ. ಮೈಯಲ್ಲಿ ಇನ್ಸುಲಿನ್ ಸದಾ ಜಾಸ್ತಿ ಇದ್ದರೆ ಆ ಕೆಲಸ ಹಿಂದೆ ಬೀಳಬಹುದು ಅಂತ ಸಂಶೋಧಕರು ಹೇಳುತ್ತಾರೆ.

ಹಾಗಂತ ಶುಗರ್ ಇರುವವರಿಗೆಲ್ಲ ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ, ಬರುವುದಿಲ್ಲ. ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಟೈಪ್ 2 ಶುಗರ್ ಇರುವವರಿಗೆ ಅದು ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು, ರಕ್ತನಾಳದಿಂದ ಬರುವ ಬಗೆಯದ್ದಾದರೆ ಎರಡು ಪಟ್ಟಿನ ಹತ್ತಿರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2023ರ ಲೆಕ್ಕದಲ್ಲಿ ದೇಶದಲ್ಲಿ ಶುಗರ್ ಇರುವವರೇ 10 ಕೋಟಿ ದಾಟಿದ್ದಾರೆ. ಅದೇ ವರ್ಷ ಬಂದ ಇನ್ನೊಂದು ರಾಷ್ಟ್ರೀಯ ಅಧ್ಯಯನದ ಪ್ರಕಾರ 60 ದಾಟಿದ ಭಾರತೀಯರಲ್ಲಿ ಶೇ 7.4 ಮಂದಿಗೆ ಡಿಮೆನ್ಷಿಯಾ ಇದೆ. ಈ ಎರಡೂ ಗುಂಪಿಗೆ ಸೇರುವ ಹಿರಿಯರು ನಮ್ಮ ಊರುಗಳಲ್ಲಿ ಎಷ್ಟೋ ಜನ ಇದ್ದಾರೆ, ಮಕ್ಕಳು ಬೆಂಗಳೂರಿನಲ್ಲಿ, ಇವರು ತೋಟದ ಮನೆಯಲ್ಲಿ.

ವಾಟ್ಸಾಪ್‌ನಲ್ಲಿ "ಟೈಪ್ 3 ಡಯಾಬಿಟಿಸ್" ಅಂತ ಬರುತ್ತದೆ. ಆಲ್ಝೈಮರ್‌ಗೆ ಕೆಲವು ಸಂಶೋಧಕರು 2005ರ ಸುಮಾರಿಗೆ ಇಟ್ಟ ಅಡ್ಡಹೆಸರು ಅದು. ಆ ಹೆಸರಲ್ಲಿ ಬೇರೆ ರೋಗವೂ ಇಲ್ಲ, ಕೊಬ್ಬರಿ ಎಣ್ಣೆ ಕುಡಿದರೆ ಹೋಗುವುದೂ ಇಲ್ಲ.

ಹೆಜ್ಜೆ 1: ದಿಢೀರ್ ಬಂತಾ, ನಿಧಾನಕ್ಕೆ ಬಂತಾ ನೋಡಿ

ನಿನ್ನೆ ಸರಿ ಇದ್ದ ಅಜ್ಜಿ ಇವತ್ತು ಮಗಳನ್ನೇ "ನೀನ್ಯಾರೇ" ಅಂತ ಕೇಳಿದರೆ ಅದನ್ನು ಮರೆವಿನ ಲೆಕ್ಕಕ್ಕೆ ಬರೆಯಬೇಡಿ. ಡಿಮೆನ್ಷಿಯಾ ಸಾಮಾನ್ಯವಾಗಿ ತಿಂಗಳು, ವರ್ಷ ಹಿಡಿದು ಬರುತ್ತದೆ. ಗಂಟೆಗಳಲ್ಲಿ, ಒಂದೆರಡು ದಿನದಲ್ಲಿ ಬಂದ ಗಲಿಬಿಲಿಗೆ ಬೇರೆ ಕಾರಣ ಇರುತ್ತದೆ: ಶುಗರ್ ಕುಸಿದಿರಬಹುದು, ತೀರಾ ಏರಿರಬಹುದು, ಉರಿಮೂತ್ರದ ಸೋಂಕಿರಬಹುದು, ನ್ಯುಮೋನಿಯಾ, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಮೊನ್ನೆ ಶುರುಮಾಡಿದ ಹೊಸ ಮಾತ್ರೆ, ಏನು ಬೇಕಾದರೂ ಆಗಿರಬಹುದು. ಮೊದಲು ಮೀಟರ್ ತಂದು ಬೆರಳು ಚುಚ್ಚಿ. 70ಕ್ಕಿಂತ ಕೆಳಗಿದ್ದರೆ ನೇರ ಹೆಜ್ಜೆ 2ಕ್ಕೆ ಹೋಗಿ. ಮೀಟರ್ ಅಂಕಿ ತೋರಿಸದೆ "ಹೈ" ಅಂದರೆ, ಜೊತೆಗೆ ಬಾಯಿ ಒಣಗಿ ಮಂಪರು ಇದ್ದರೆ ಆಸ್ಪತ್ರೆಗೆ ಹೊರಡಿ. ಜ್ವರ, ಭೇದಿ ಆಗಿ ನೀರು ಕುಡಿಯದ ವಯಸ್ಸಾದವರಲ್ಲಿ ಶುಗರ್ 600 ದಾಟುವುದುಂಟು. ಅದು ಮನೆಯಲ್ಲಿ ಇಳಿಯುವಂಥದ್ದಲ್ಲ.

ಬಾಯಿ ಸೊಟ್ಟಗಾಗಿದ್ದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಸ್ಟ್ರೋಕ್ ಅಂತಲೇ ತಿಳಿದು 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಗಡುವು ಇದೆ. ಹೊಸನಗರದ ಒಳಹಳ್ಳಿಯಿಂದ ಶಿವಮೊಗ್ಗ ಮುಟ್ಟುವುದಕ್ಕೇ ಅದರಲ್ಲಿ ಅರ್ಧ ಹೊತ್ತು ಹೋಗುತ್ತದೆ. ಬೆಳಿಗ್ಗೆ ನೋಡೋಣ ಅನ್ನುವ ಪ್ರಶ್ನೆಯೇ ಇಲ್ಲ. ಕೊನೆಯ ಸಲ ಸರಿ ಇದ್ದದ್ದು ಎಷ್ಟು ಗಂಟೆಗೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಅಲ್ಲಿ ಮೊದಲು ಕೇಳುವುದು ಅದನ್ನೇ.

ನಿಧಾನಕ್ಕೆ ಬಂದದ್ದಾದರೆ ಹೆದರುವ ಮೊದಲು ಗಮನಿಸಿ. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು ನನಗೂ ಇದೆ, ನಿಮಗೂ ಇದೆ. ನೋಡಬೇಕಾದ್ದು ದಿನಾ ಮಾಡುತ್ತಿದ್ದ ಕೆಲಸ ಕೈತಪ್ಪುತ್ತಿದೆಯಾ ಅನ್ನುವುದನ್ನು. ಅಮ್ಮ ಸಾರಿಗೆ ಎರಡು ಸಲ ಉಪ್ಪು ಹಾಕುತ್ತಾರಾ, ಒಗ್ಗರಣೆ ಇಟ್ಟು ಒಲೆ ಮರೆಯುತ್ತಾರಾ. ಅಪ್ಪ ಅಡಿಕೆ ಮಾರಾಟ ಸಂಘ ಮಾಮ್‌ಕೋಸ್‌ಗೆ ಬಿಟ್ಟ ಅಡಿಕೆ ಎಷ್ಟು ಮೂಟೆ, ಸೊಸೈಟಿಯಲ್ಲಿ ಕಟ್ಟಿದ್ದು ಎಷ್ಟು ಅನ್ನುವ ಲೆಕ್ಕ ತಪ್ಪುತ್ತಾರಾ. ಗೊತ್ತಿರುವ ದಾರಿಯಲ್ಲಿ ತಬ್ಬಿಬ್ಬಾಗುತ್ತಾರಾ. ಹೇಳಿದ್ದೇ ಕತೆ ಹತ್ತು ನಿಮಿಷಕ್ಕೊಮ್ಮೆ ಹೇಳುತ್ತಾರಾ.

ಇಲ್ಲೊಂದು ಮೋಸ ಇದೆ. ಕೈಗೆ ರೂಢಿಯಾದ ಕೆಲಸ ಬಹಳ ದಿನ ಉಳಿಯುತ್ತದೆ. ನನ್ನ ಅಪ್ಪ ಅಂಗಳದಲ್ಲಿ ಕೂತು ಅಡಿಕೆಯಲ್ಲಿ ರಾಶಿ ಬೇರೆ, ಬೆಟ್ಟೆ ಬೇರೆ, ಗೊರಬಲು ಬೇರೆ ಅಂತ ಕಣ್ಣು ಮುಚ್ಚಿ ಆರಿಸಿ ಹಾಕುತ್ತಿದ್ದರು, ಒಂದೂ ತಪ್ಪಿಲ್ಲ. ನೋಡಿದವರು "ಇವರಿಗೇನಾಗಿದೆ, ಗಟ್ಟಿಯಾಗಿದ್ದಾರಲ್ಲ" ಅನ್ನುತ್ತಿದ್ದರು. ಅದೇ ಅಪ್ಪನಿಗೆ ಬೆಳಿಗ್ಗೆ ಅಡಿಕೆ ಕೊಯ್ಯುವ ಕೊನೆಗಾರ ಬಂದು ಮುಂಗಡ ತೆಗೆದುಕೊಂಡು ಹೋದದ್ದು ಸಂಜೆಗೆ ನೆನಪಿಲ್ಲ, ಇನ್ನೊಮ್ಮೆ ಕೊಟ್ಟರು. ದುಡ್ಡಿನ ವ್ಯವಹಾರ, ಮಾತ್ರೆ, ಹೊಸ ವಿಷಯ, ಈ ಮೂರರಲ್ಲಿ ಎಡವುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಕಂಡದ್ದನ್ನು ತಾರೀಕು ಹಾಕಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ, ಅಲ್ಲಿ ಹೋದ ಮೇಲೆ ಒಂದೂ ಬಾಯಿಗೆ ಬರುವುದಿಲ್ಲ.

ಹೆಜ್ಜೆ 2: ಲೋ ಶುಗರ್ ಗುರುತಿಸಲು ಕಲಿಯಿರಿ

ನನ್ನನ್ನು ಕೇಳಿದರೆ ಈ ಇಡೀ ಲೇಖನದಲ್ಲಿ ಇದೇ ಮುಖ್ಯ. ನಮ್ಮಲ್ಲಿ ಶುಗರ್ ಜಾಸ್ತಿ ಆದರೆ ಮನೆಯೆಲ್ಲ ಗಾಬರಿ, ಕಮ್ಮಿ ಬಂದರೆ "ಪರವಾಗಿಲ್ಲ, ಕಂಟ್ರೋಲ್‌ನಲ್ಲಿದೆ" ಅಂತ ಖುಷಿ. ವಯಸ್ಸಾದವರ ವಿಷಯದಲ್ಲಿ ಈ ಖುಷಿ ಅಪಾಯ. ಕ್ಯಾಲಿಫೋರ್ನಿಯಾದಲ್ಲಿ 16 ಸಾವಿರಕ್ಕೂ ಹೆಚ್ಚು ಟೈಪ್ 2 ರೋಗಿಗಳನ್ನು ವರ್ಷಾನುಗಟ್ಟಲೆ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸ್ಪತ್ರೆಗೆ ಸೇರುವಷ್ಟು ಶುಗರ್ ಕುಸಿದವರಲ್ಲಿ ಆಮೇಲೆ ಡಿಮೆನ್ಷಿಯಾ ಜಾಸ್ತಿ ಕಂಡಿತು. ಹೆಚ್ಚು ಸಲ ಕುಸಿದಷ್ಟೂ ಅಪಾಯ ಹೆಚ್ಚು.

ಹುಡುಗರಿಗಾದರೆ ಶುಗರ್ ಇಳಿದಾಗ ಕೈ ನಡುಗುತ್ತದೆ, ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಹಸಿವಾಗುತ್ತದೆ. ವಯಸ್ಸಾದವರಲ್ಲಿ ಈ ಸೂಚನೆ ಮಂಕಾಗಿರುತ್ತದೆ. ಬಿಪಿಗೆ, ಹೃದಯಕ್ಕೆ ಕೊಡುವ ಕೆಲವು ಮಾತ್ರೆಗಳು ನಡುಕವನ್ನೂ ಎದೆಬಡಿತವನ್ನೂ ಮರೆಮಾಚುತ್ತವೆ, ಬೆವರು ಮಾತ್ರ ಉಳಿಯುತ್ತದೆ. ಕಾಣುವುದು ಗಲಿಬಿಲಿ, ಸಿಡುಕು, ತೂರಾಡುವುದು, ಅರ್ಥವಿಲ್ಲದ ಮಾತು.

ಅತ್ತೆಗೆ ಆದದ್ದು ಸಂಕಷ್ಟಿ ದಿನ. ಬೆಳಿಗ್ಗೆ ಗ್ಲಿಮೆಪಿರೈಡ್ ಮಾತ್ರೆ ನುಂಗಿದ್ದಾರೆ, ಹೊಟ್ಟೆಗೆ ಒಂದು ಲೋಟ ಕಾಫಿ ಮಾತ್ರ. ಚಂದ್ರ ಕಂಡ ಮೇಲೆ ಊಟ ಅಂತ ಹಟ. ಸಂಜೆ ದೇವರ ಕೋಣೆಯ ಮುಂದೆ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಒಂದು ಬತ್ತಿ ಹೊಸೆಯುವುದು, ಬಿಚ್ಚುವುದು, ಮತ್ತೆ ಅದನ್ನೇ ಹೊಸೆಯುವುದು. ಏನು ಕೇಳಿದರೂ "ಹ್ಞೂಂ". ಮಳೆ ಬಿದ್ದು ಚಳಿ ಇದ್ದ ಸಂಜೆ, ಆದರೂ ಕುತ್ತಿಗೆಯ ಹಿಂದೆ ರವಿಕೆ ಒದ್ದೆಯಾಗಿತ್ತು. ಮೀಟರ್‌ನಲ್ಲಿ 48. ಸಕ್ಕರೆ ನೀರು ಕುಡಿಸಿ ಸ್ವಲ್ಪ ಹೊತ್ತಿಗೆ "ಚಂದ್ರ ಬಂದನೇನೇ?" ಅಂದರು, ಮಧ್ಯದ್ದು ಏನೂ ನೆನಪಿರಲಿಲ್ಲ. ಮನೆಗೆ ಬಂದಿದ್ದ ನೆಂಟರೊಬ್ಬರು ಅಷ್ಟರಲ್ಲೇ "ಪಾಪ, ಅರಳು ಮರಳು ಶುರುವಾಯ್ತು" ಅಂತ ತೀರ್ಪು ಕೊಟ್ಟಾಗಿತ್ತು.

ಮಾಡಬೇಕಾದ್ದು ಹೀಗೆ. ಎಚ್ಚರ ಇದ್ದು ನುಂಗಲು ಆಗುತ್ತಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಕಲಸಿ ಕುಡಿಸಿ, ಗ್ಲೂಕೋಸ್ ಪುಡಿ ಇದ್ದರೆ ಇನ್ನೂ ಒಳ್ಳೆಯದು. ಹದಿನೈದು ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಿ. 70 ದಾಟದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. ದಾಟಿದ ಮೇಲೆ ಊಟವೋ ತಿಂಡಿಯೋ ತಿನ್ನಿಸಿ, ಇಲ್ಲದಿದ್ದರೆ ಮತ್ತೆ ಇಳಿಯುತ್ತದೆ. ಮೈಸೂರುಪಾಕು, ಚಾಕಲೇಟು ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡಮಾಡುತ್ತದೆ. ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಇರುವ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ, ಬೆಲ್ಲ ಬೇಗ ಹತ್ತುವುದಿಲ್ಲ. ಆ ಮಾತ್ರೆ ಸಕ್ಕರೆ ಒಡೆಯುವುದನ್ನೇ ತಡೆಯುತ್ತದೆ. ಅವರ ಮನೆಯಲ್ಲಿ ಗ್ಲೂಕೋಸ್ ಪುಡಿ ಇರಲೇಬೇಕು. ಮಾತ್ರೆ ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಇವತ್ತೇ ತಿರುಗಿಸಿ ಓದಿ.

ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ. ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ 108 ಕರೆಯಿರಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಥರದ ಮಾತ್ರೆಯಿಂದ ಇಳಿದ ಶುಗರ್ ಒಮ್ಮೆ ಏರಿದರೂ ಕೆಲವು ಗಂಟೆ ಬಿಟ್ಟು ಮತ್ತೆ ಇಳಿಯಬಹುದು, ಕಿಡ್ನಿ ಸೋತವರಲ್ಲಂತೂ ಹೆಚ್ಚು. ಆ ರಾತ್ರಿ ಒಬ್ಬರು ಪಕ್ಕದಲ್ಲಿ ಮಲಗಿ, ನಡುವೆ ಎದ್ದು ಒಮ್ಮೆ ಶುಗರ್ ನೋಡಿ. ಡಾಕ್ಟರಿಗೆ ಅವತ್ತೇ ತಿಳಿಸಿ.

ಹೆಜ್ಜೆ 3: ಎಲ್ಲ ಮಾತ್ರೆ ಒಂದು ಚೀಲಕ್ಕೆ ತುಂಬಿ ಡಾಕ್ಟರ ಹತ್ತಿರ ಹೋಗಿ

ಚೀಟಿ ಮಾತ್ರ ಒಯ್ಯಬೇಡಿ, ಮನೆಯಲ್ಲಿರುವುದೆಲ್ಲ ಬರಲಿ. ಶುಗರ್, ಬಿಪಿ ಮಾತ್ರೆ, ನಿದ್ದೆ ಮಾತ್ರೆ, ನೆಗಡಿಗೆ ಅಂಗಡಿಯಲ್ಲಿ ತಂದದ್ದು, ನಾಟಿ ಔಷಧಿ ಪೊಟ್ಟಣ, ಮಗಳು ಬೆಂಗಳೂರಿನಿಂದ ಕಳಿಸಿದ ವಿಟಮಿನ್ ಡಬ್ಬಿ. ನೆಗಡಿ, ತುರಿಕೆಗೆ ಕೊಡುವ ಕೆಲವು ಹಳೆಯ ಮಾತ್ರೆಗಳೂ ನಿದ್ದೆ ಮಾತ್ರೆಗಳೂ ವಯಸ್ಸಾದವರ ತಲೆಯನ್ನು ಮಂಕು ಮಾಡುತ್ತವೆ. ಒಂದೇ ಔಷಧಿ ಎರಡು ಕಂಪನಿ ಹೆಸರಲ್ಲಿ ಎರಡು ಡಾಕ್ಟರು ಬರೆದಿರುವುದೂ ಈ ಚೀಲ ಬಿಚ್ಚಿದಾಗಲೇ ಹೊರಬೀಳುತ್ತದೆ.

ಕೇಳಬೇಕಾದ ಪರೀಕ್ಷೆಗಳು: ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವುದು), ಕಿಡ್ನಿಗೆ ಕ್ರಿಯೇಟಿನಿನ್, ಸೋಡಿಯಂ, ಹಿಮೋಗ್ಲೋಬಿನ್, ಥೈರಾಯ್ಡ್, ಬಿ12. ಕೊನೆಯದನ್ನು ಬಿಡಲೇಬೇಡಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಇಳಿಯುತ್ತದೆ. ಮಾಂಸ ಮೊಟ್ಟೆ ತಿನ್ನದ ಮನೆಗಳಲ್ಲಿ ಅದು ಮೊದಲೇ ಕಮ್ಮಿ. ಬಿ12 ಕೊರತೆಯಿಂದ ಮರೆವೂ ಬರುತ್ತದೆ, ಕಾಲು ಜೋಮೂ ಬರುತ್ತದೆ. ಎರಡನ್ನೂ ಶುಗರ್ ತಲೆಗೆ ಕಟ್ಟಿ ಕೂರುತ್ತೇವೆ. ಮಾತ್ರೆಯಲ್ಲೋ ಇಂಜೆಕ್ಷನ್‌ನಲ್ಲೋ ಸರಿಮಾಡಬಹುದಾದ ತೊಂದರೆ ಇದು. ಥೈರಾಯ್ಡ್ ಕೂಡ ಹಾಗೇ. ಮನಸ್ಸಿನ ಬೇಸರವನ್ನೂ ಹೇಳಿ. ಹೆಂಡತಿ ಹೋದ ಮೇಲೆ ಮಾತೇ ನಿಲ್ಲಿಸಿದ ಅಜ್ಜನಿಗೆ ಇರುವುದು ಖಿನ್ನತೆಯೂ ಆಗಿರಬಹುದು, ಅದು ಮರೆವಿನ ವೇಷದಲ್ಲೇ ಬರುತ್ತದೆ.

65 ದಾಟಿದ ಶುಗರ್ ರೋಗಿಗಳಿಗೆ ವರ್ಷಕ್ಕೊಮ್ಮೆ ನೆನಪಿನ ಪರೀಕ್ಷೆ ಆಗಬೇಕು ಅನ್ನುತ್ತದೆ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಶನ್. ನಮ್ಮಲ್ಲಿ ನೀವಾಗಿ ಕೇಳದೆ ಯಾರೂ ಮಾಡುವುದಿಲ್ಲ. ಕೇಳಿ. ಮೂರು ಪದ ಹೇಳಿ ಆಮೇಲೆ ನೆನಪಿಸಿಕೊಳ್ಳಲು ಹೇಳುತ್ತಾರೆ, ಗಡಿಯಾರ ಬರೆದು 11 ಗಂಟೆ 10 ನಿಮಿಷಕ್ಕೆ ಮುಳ್ಳು ಇಡಿ ಅನ್ನುತ್ತಾರೆ. ಶಾಲೆಗೆ ಹೋಗದ ಅಜ್ಜಿಗೆ ಗಡಿಯಾರ ಬರೆಯಲು ಬಾರದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಎಷ್ಟು ಓದಿದ್ದಾರೆ ಅಂತ ಮೊದಲೇ ಹೇಳಿಬಿಡಿ.

ಹತ್ತಿರದ ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಶುಗರ್, ಬಿಪಿ ನೋಡುತ್ತಾರೆ. ಹೆಚ್ಚಿನದಕ್ಕೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇದೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಶುರುಮಾಡಿದ ಮೆದುಳು ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ ಎಲ್ಲಿ, ಯಾವ ದಿನ ಅಂತ ಅಲ್ಲೇ ವಿಚಾರಿಸಿ.

ಹೆಜ್ಜೆ 4: "ಇವರಿಗೆ ಶುಗರ್ ಎಷ್ಟಿದ್ದರೆ ಸಾಕು?" ಅಂತ ನೇರ ಕೇಳಿ

ನಲವತ್ತರ ಮಗನಿಗೂ ಎಂಬತ್ತರ ಅಪ್ಪನಿಗೂ ಒಂದೇ ಗುರಿ ಇಟ್ಟುಕೊಳ್ಳುವ ಮನೆಗಳಿವೆ. ಅದು ಸರಿಯಲ್ಲ. ಗಟ್ಟಿಮುಟ್ಟಾದ, ನೆನಪು ಸರಿ ಇರುವ ಹಿರಿಯರಿಗೆ ಎಚ್‌ಬಿಎ1ಸಿ 7ರಿಂದ 7.5ರ ಒಳಗೆ ಅನ್ನುತ್ತಾರೆ. ಮರೆವು ಶುರುವಾಗಿದ್ದರೆ, ಬೇರೆ ಕಾಯಿಲೆಗಳೂ ಇದ್ದರೆ 8ರ ಒಳಗಿದ್ದರೆ ಸಾಕು, ಬೆಳಗಿನ ಖಾಲಿಹೊಟ್ಟೆ ಶುಗರ್ 90ರಿಂದ 150. ಮರೆವು ತುಂಬಾ ಮುಂದುವರಿದಿದ್ದರೆ ಅಂಕಿಯ ಹಿಂದೆ ಬೀಳುವುದನ್ನೇ ಬಿಟ್ಟು, ಕುಸಿಯದ ಹಾಗೆ, ತೀರಾ ಏರದ ಹಾಗೆ ನೋಡಿಕೊಳ್ಳುತ್ತಾರೆ. ರಕ್ತಹೀನತೆ ಇದ್ದವರಲ್ಲಿ ಎಚ್‌ಬಿಎ1ಸಿ ದಾರಿ ತಪ್ಪಿಸುತ್ತದೆ, ಅದೂ ಗೊತ್ತಿರಲಿ.

ಜಾಸ್ತಿ ಬಿಗಿ ಮಾಡಿದರೆ ಮೆದುಳಿಗೆ ಒಳ್ಳೆಯದಲ್ವಾ ಅಂತ ಅನ್ನಿಸುವುದು ಸಹಜ. ಅಮೆರಿಕದಲ್ಲಿ ಅಕಾರ್ಡ್ ಅನ್ನುವ ದೊಡ್ಡ ಪ್ರಯೋಗದಲ್ಲಿ ಎಚ್‌ಬಿಎ1ಸಿಯನ್ನು 6ಕ್ಕಿಂತ ಕೆಳಗೆ ಇಳಿಸಲು ನೋಡಿದರು. ಆ ಗುಂಪಿನಲ್ಲಿ ಸಾವು ಜಾಸ್ತಿ ಆಯಿತು ಅಂತ 2008ರಲ್ಲಿ ಅದನ್ನು ನಿಲ್ಲಿಸಿದರು. 2011ರಲ್ಲಿ ನೆನಪಿನ ಫಲಿತಾಂಶ ಬಂದಾಗ ಅದರಲ್ಲೂ ಲಾಭ ಕಾಣಲಿಲ್ಲ. ಹಾಗಾಗಿ "ಡಾಕ್ಟ್ರೇ, ಇವರಿಗೆ ಲೋ ಆಗುವ ಮಾತ್ರೆ ಇದರಲ್ಲಿ ಯಾವುದು, ಅದನ್ನು ಬದಲಿಸಬಹುದಾ, ಕಮ್ಮಿ ಮಾಡಬಹುದಾ?" ಅಂತ ಕೇಳುವುದು ಅಧಿಕಪ್ರಸಂಗ ಅಲ್ಲ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಜಾತಿಯ ಮಾತ್ರೆಗಳನ್ನು ಹಿರಿಯರಿಗೆ ಆದಷ್ಟು ತಪ್ಪಿಸಿ ಅಂತ ಅಮೆರಿಕದ ವೃದ್ಧರ ವೈದ್ಯಕೀಯದ ಪಟ್ಟಿಯೇ ಹೇಳುತ್ತದೆ. ಆದರೆ ನೀವೇ ನಿಲ್ಲಿಸಬೇಡಿ.

ಹೆಜ್ಜೆ 5: ಮಾತ್ರೆ, ಇನ್ಸುಲಿನ್ ನಿಮ್ಮ ಕೈಗೆ ತೆಗೆದುಕೊಳ್ಳಿ

ಇಲ್ಲಿ ಜಗಳ ಆಗುತ್ತದೆ. "ನನ್ನ ಮಾತ್ರೆ ನನಗೆ ಗೊತ್ತಿಲ್ವನಾ?" ಅಂತ ಅಪ್ಪ ಸಿಟ್ಟಾಗುತ್ತಾರೆ. ಕಸಿದುಕೊಂಡ ಹಾಗೆ ಮಾಡದೆ ವಾರದ ಮಾತ್ರೆ ಡಬ್ಬಿ ತಂದು, ಭಾನುವಾರ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ತುಂಬಿ. ಉಳಿದ ಪಟ್ಟಿಗಳೆಲ್ಲ ಬೇರೆ ಕಡೆ ಬೀಗದಲ್ಲಿರಲಿ. ಡಬ್ಬಿಯಲ್ಲಿ ಸೋಮವಾರದ ಬೆಳಗಿನ ಖಾನೆ ಖಾಲಿ ಇದ್ದರೆ ನುಂಗಿದ್ದಾರೆ ಅಂತ ಅರ್ಥ, ಅವರಿಗೂ ವಾದ ಮಾಡಲು ಜಾಗ ಇರುವುದಿಲ್ಲ. ನುಂಗಿದರೋ ಇಲ್ಲವೋ ಅನ್ನುವ ಅನುಮಾನ ಬಂದರೆ ಇನ್ನೊಂದು ಕೊಡಬೇಡಿ, ಮೊದಲು ಶುಗರ್ ನೋಡಿ. ಊಟ ತಟ್ಟೆಗೆ ಬಂದ ಮೇಲೇ ಮಾತ್ರೆ ಕೈಗೆ ಬರಲಿ.

ಇನ್ಸುಲಿನ್ ಇದ್ದರೆ ಎಚ್ಚರ ಇನ್ನೂ ಜಾಸ್ತಿ. ನಮ್ಮ ದೇಶದಲ್ಲಿ 40 ಯೂನಿಟ್‌ದೂ 100 ಯೂನಿಟ್‌ದೂ ಎರಡೂ ಬಗೆಯ ಬಾಟಲಿ ಸಿಗುತ್ತವೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 100ರ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್ ಹಾಕಿ ಎಳೆದರೆ ಒಳಗೆ ಹೋಗುವುದು ಎರಡೂವರೆ ಪಟ್ಟು. ಔಷಧಿ ಅಂಗಡಿಯಲ್ಲಿ "ಇದೇ ಇರೋದು" ಅಂತ ಬೇರೆ ಸಿರಿಂಜ್ ಕೊಟ್ಟರೆ ವಾಪಸ್ ಕೊಡಿ. ಮರೆವು ಇರುವವರ ಕೈಗೆ ಸಿರಿಂಜ್ ಕೊಡುವುದು ನಿಲ್ಲಿಸಿ. ದಿನಕ್ಕೆ ನಾಲ್ಕು ಸಲ ಚುಚ್ಚುವುದನ್ನು ಒಂದು ಸಲಕ್ಕೆ ತರಲು ಆಗುತ್ತದಾ ಅಂತ ಡಾಕ್ಟರನ್ನು ಕೇಳಿ.

ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಮೂರ್ನಾಲ್ಕು ದಿನ ಕರೆಂಟ್ ಇಲ್ಲದಿರುವುದು ನಮಗೆ ಹೊಸದಲ್ಲ. ಬಳಸುತ್ತಿರುವ ಇನ್ಸುಲಿನ್ ಬಾಟಲಿ ತಂಪು ಕೋಣೆಯಲ್ಲಿ ಸುಮಾರು ನಾಲ್ಕು ವಾರ ಕೆಡುವುದಿಲ್ಲ. ಒಲೆಯ ಹತ್ತಿರ, ಅಟ್ಟದ ಮೇಲೆ ಇಡಬೇಡಿ. ಫ್ರೀಜರ್‌ನಲ್ಲಿಟ್ಟು ಗಡ್ಡೆ ಕಟ್ಟಿದ್ದನ್ನು ಮತ್ತೆ ಬಳಸಬೇಡಿ.

ಮಕ್ಕಳು ದೂರ ಇದ್ದರೆ ಊರಲ್ಲಿ ಒಬ್ಬರನ್ನು ಗೊತ್ತು ಮಾಡಿ. ಪಕ್ಕದ ಮನೆಯ ಸೊಸೆಯೋ, ಹಾಲು ತರುವ ಹುಡುಗನೋ, ದಿನಾ ಬೆಳಿಗ್ಗೆ ಡಬ್ಬಿ ನೋಡಿ ಒಂದು ಫೋನ್ ಮಾಡಿದರೂ ಸಾಕು. ಎಲ್ಲರೂ ನೋಡಿಕೊಳ್ಳುತ್ತೇವೆ ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ.

ಹೆಜ್ಜೆ 6: ಊಟ, ಉಪವಾಸ

ಬೆಳಿಗ್ಗೆ ಕಡುಬೋ ಅಕ್ಕಿ ರೊಟ್ಟಿಯೋ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ನಮ್ಮ ತಟ್ಟೆಯಲ್ಲಿ ಅಕ್ಕಿ ಜಾಸ್ತಿ, ಉಳಿದದ್ದು ಕಡಿಮೆ. ಅನ್ನ ಪೂರ್ತಿ ಬಿಡಿಸಲು ಹೋಗಬೇಡಿ, ಬಿಡುವುದಿಲ್ಲ. ಪಲ್ಯ ಮೊದಲು ಬಡಿಸಿ, ಹೆಸರುಕಾಳು, ಹುರುಳಿ, ಮೊಟ್ಟೆ, ಮೀನು ಯಾವುದು ನಡೆಯುತ್ತದೋ ಅದು ಸೇರಲಿ, ಅನ್ನ ತಾನಾಗಿ ಕಮ್ಮಿ ಆಗುತ್ತದೆ. ಜೋನಿ ಬೆಲ್ಲ ಮನೆಯಲ್ಲೇ ಕಾಯಿಸಿದ್ದು ಅಂತ ರಿಯಾಯಿತಿ ಇಲ್ಲ, ಅದೂ ಸಕ್ಕರೆಯೇ. ಒಂದೆಲಗದ ತಂಬುಳಿ ನೆನಪಿಗೆ ಒಳ್ಳೆಯದು ಅಂತ ಅಜ್ಜಿಯರು ಹೇಳುತ್ತಾರಲ್ಲ, ಸುಮ್ನೆ ತಿನ್ನಿ, ಊಟಕ್ಕೆ ಚೆನ್ನಾಗಿರುತ್ತದೆ. ಅದನ್ನು ನಂಬಿ ಮಾತ್ರೆ ಬಿಡಬೇಡಿ ಅಷ್ಟೇ.

ಇನ್ನೊಂದು ಕಡೆಯೂ ನೋಡಬೇಕು. ಮರೆವು ಬಂದವರು ಉಣ್ಣುವುದನ್ನೇ ಮರೆಯುತ್ತಾರೆ, ಸೊರಗುತ್ತಾರೆ. ತೂಕ ಇಳಿಯುತ್ತಿರುವವರಿಗೆ ಪಥ್ಯ ಬಿಗಿ ಮಾಡಬೇಡಿ. ತೂಕ ಇಳಿದಂತೆ ಹಳೆಯ ಡೋಸ್ ಜಾಸ್ತಿಯಾಗುತ್ತದೆ, ಅದನ್ನೂ ಡಾಕ್ಟರಿಗೆ ಹೇಳಿ.

ಏಕಾದಶಿ, ಸಂಕಷ್ಟಿ, ಶನಿವಾರದ ಒಪ್ಪತ್ತು ಬಿಡುವುದಿಲ್ಲ ಅಂದರೆ ಆ ದಿನದ ಮಾತ್ರೆ ಹೇಗೆ ಅಂತ ಮೊದಲೇ ಕೇಳಿ ಬರೆಸಿಕೊಳ್ಳಿ. ನಮ್ಮ ಅತ್ತೆಯ ಉಪವಾಸ ನಿಲ್ಲಿಸಲು ಆಗಲೇ ಇಲ್ಲ. ಕೊನೆಗೆ ಮನೆಗೆ ಬರುವ ಭಟ್ಟರೇ "ಔಷಧಿ ತಗೊಳ್ಳೋರಿಗೆ ಫಲಾಹಾರ ಮಾಡಿದ್ರೆ ದೋಷ ಇಲ್ಲ ಅಮ್ಮ, ಆಷಾಢದ ಮೋಡದಲ್ಲಿ ಚಂದ್ರ ಕಾಣೋ ತನಕ ಕಾಯೋದೂ ಬೇಡ, ಪಂಚಾಂಗದ ಹೊತ್ತು ನೋಡಿ ಸಾಕು" ಅಂದ ಮೇಲೆ ಒಪ್ಪಿದರು. ಯಾರ ಮಾತು ನಡೆಯುತ್ತದೋ ಅವರ ಬಾಯಲ್ಲೇ ಹೇಳಿಸಿ.

ಹೆಜ್ಜೆ 7: ಕಾಲು, ಕಿವಿ, ಕಣ್ಣು, ಮಾತುಕತೆ

ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ 2024ರ ಆಯೋಗ ಡಿಮೆನ್ಷಿಯಾಗೆ ತಡೆಯಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿದೆ. ಶುಗರ್ ಅದರಲ್ಲಿ ಒಂದು. ಬಿಪಿ, ಕೊಲೆಸ್ಟ್ರಾಲ್, ಬೀಡಿ ಸಿಗರೇಟು, ಕುಡಿತ, ಕಿವಿ ಕೇಳದಿರುವುದು, ಕಣ್ಣು ಮಂಜಾಗಿರುವುದು, ಒಂಟಿತನ, ಕೂತಲ್ಲೇ ಕೂರುವುದು ಕೂಡ ಇವೆ. ಶುಗರ್ ಇರುವವರಲ್ಲಿ ಇವುಗಳಲ್ಲಿ ಮೂರ್ನಾಲ್ಕು ಜೊತೆಗೇ ಇರುತ್ತವೆ. ಹಾಗಾಗಿ ವರ್ಷಕ್ಕೊಮ್ಮೆ ಕಣ್ಣಿನ ಹಿಂಪರದೆ ಪರೀಕ್ಷೆ ಮಾಡಿಸಿ, ಪೊರೆ ಇದ್ದರೆ ತೆಗೆಸಿ, ಟಿವಿ ಸದ್ದು ಜೋರಿಟ್ಟುಕೊಳ್ಳುತ್ತಿದ್ದರೆ ಕಿವಿ ತೋರಿಸಿ. ಕೇಳಿಸದವರನ್ನು ಮರೆವಿನವರು ಅಂದುಕೊಳ್ಳುವುದು ಬಹಳ.

ನಡಿಗೆ ವಾರಕ್ಕೆ 150 ನಿಮಿಷ ಅನ್ನುತ್ತಾರೆ. ಆಗುಂಬೆ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಕಾಲಿಡಲು ಆಗುವುದಿಲ್ಲ, ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯಲಿ, ಕುರ್ಚಿಯಿಂದ ಹತ್ತು ಸಲ ಎದ್ದು ಕೂರಲಿ. ಬರಿಗಾಲಲ್ಲಿ ತೋಟಕ್ಕೆ ಹೋಗಲು ಬಿಡಬೇಡಿ. ಕಾಲು ಜೋಮು ಹಿಡಿದವರಿಗೆ ಉಂಬಳ (ಜಿಗಣೆ) ಹತ್ತಿದ್ದೂ ಗೊತ್ತಾಗುವುದಿಲ್ಲ, ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ, ಮರೆವು ಸೇರಿದರೆ ಹೇಳುವವರೂ ಇಲ್ಲ. ಸಂಜೆ ಬೆಚ್ಚನೆ ನೀರಿನಲ್ಲಿ ಕಾಲು ತೊಳೆಸಿ ಬೆರಳ ಸಂದಿ ನೋಡುವುದು ಮನೆಯವರ ಕೆಲಸ. ನೀರಿನ ಬಿಸಿ ನಿಮ್ಮ ಕೈಯಲ್ಲಿ ನೋಡಿ, ಅವರ ಕಾಲಿಗೆ ತಿಳಿಯುವುದಿಲ್ಲ.

ಕವಳದ (ಎಲೆ ಅಡಿಕೆಯ) ಬಗ್ಗೆ ಬೈಸಿಕೊಳ್ಳುವುದು ಗೊತ್ತಿದ್ದೂ ಹೇಳುತ್ತೇನೆ, ನಾವೆಲ್ಲ ಅಡಿಕೆ ತೋಟದಿಂದಲೇ ಉಂಡವರು. ಹೊಗೆಸೊಪ್ಪು ಇವತ್ತೇ ಬಿಡಿಸಿ, ರಕ್ತನಾಳಕ್ಕೂ ಬಾಯಿಗೂ ಕೆಟ್ಟದ್ದು.

ತಾಳಮದ್ದಲೆಗೆ, ಸಂಘದ ಮೀಟಿಂಗ್‌ಗೆ, ಮದುವೆ ಮನೆಗೆ ಕರೆದುಕೊಂಡು ಹೋಗುವುದು ನಿಲ್ಲಿಸಬೇಡಿ. ಒಂದು ಹೆಸರು ತಪ್ಪಿ ಕರೆದರೆ ಆಕಾಶ ಬೀಳುವುದಿಲ್ಲ.

ಹೆಜ್ಜೆ 8: ಗೋಡೆಗೆ ಒಂದು ಚೀಟಿ ಅಂಟಿಸಿ

ದಪ್ಪ ಅಕ್ಷರದಲ್ಲಿ ಬರೆಯಿರಿ. ಹೆಸರು, ವಯಸ್ಸು, ಯಾವ್ಯಾವ ಮಾತ್ರೆ, ಇನ್ಸುಲಿನ್ ಇದ್ದರೆ 40ರದ್ದೋ 100ರದ್ದೋ. ವೊಗ್ಲಿಬೋಸ್ ಇದ್ದರೆ "ಸಕ್ಕರೆ ಬೇಡ, ಗ್ಲೂಕೋಸ್ ಪುಡಿ ಕೊಡಿ" ಅಂತ ಕೆಂಪು ಶಾಯಿಯಲ್ಲಿ. ಪುಡಿ ಎಲ್ಲಿದೆ, ಮೀಟರ್ ಎಲ್ಲಿದೆ. ಡಾಕ್ಟರ ನಂಬರ್, ಊರಲ್ಲಿ ಗೊತ್ತು ಮಾಡಿದವರ ನಂಬರ್, 108. ಹಿರಿಯರಿಗೆ ಸಂಬಂಧಿಸಿದ ಬೇರೆ ತೊಂದರೆಗೆ ಸಹಾಯವಾಣಿ 14567. ನೋಡಿಕೊಳ್ಳುವವರಿಗೇ ಮನಸ್ಸು ಸೋತರೆ ಟೆಲಿ ಮಾನಸ್ 14416, ರಾತ್ರಿಯೂ ಎತ್ತುತ್ತಾರೆ.

ಕೆಳಗೆ ಮನೆಗೆ ಬರುವ ದಾರಿ ಬರೆಯಿರಿ. ಆಂಬುಲೆನ್ಸ್ ಡ್ರೈವರಿಗೆ "ಭಟ್ಟರ ಮನೆ" ಅಂದರೆ ತಿಳಿಯುವುದಿಲ್ಲ, ಒಂದು ಊರಲ್ಲಿ ಹತ್ತು ಭಟ್ಟರ ಮನೆ. ಯಾವ ಬಸ್ ಸ್ಟಾಪ್, ಅಲ್ಲಿಂದ ಎಡಕ್ಕೋ ಬಲಕ್ಕೋ, ಯಾವ ಸಂಕ (ಕಾಲುಸೇತುವೆ) ದಾಟಬೇಕು, ಮಳೆಗಾಲದಲ್ಲಿ ಗಾಡಿ ಎಲ್ಲಿಯವರೆಗೆ ಬರುತ್ತದೆ. ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಯಾವ ದಿಬ್ಬದ ಮೇಲೆ ಸಿಗುತ್ತದೆ ಅಂತಲೂ ಬರೆಯಿರಿ. ಫೋನ್ ಮಾಡಿದ ಮೇಲೆ ಒಬ್ಬರು ಬ್ಯಾಟರಿ ಹಿಡಿದು ಡಾಂಬರು ರಸ್ತೆಗೆ ಹೋಗಿ ನಿಲ್ಲಿ, ಇನ್ನೊಬ್ಬರು ಹಿರಿಯರ ಪಕ್ಕ ಇರಿ, ಮಾತ್ರೆ ಚೀಲ ಅವರ ಜೊತೆಗೇ ಗಾಡಿ ಹತ್ತಲಿ.